ರಕ್ತದಲ್ಲಿರುವ ಕಬ್ಬಿಣಕ್ಕೆ ಯಾಕೆ ತುಕ್ಕು ಹಿಡಿಯುವುದಿಲ್ಲ?

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬೋಟುಗಳ ವೆಲ್ಡಿಂಗ್ ಮತ್ತು ಎಂಜಿನ್ ಕೆಲಸ ಮಾಡುತ್ತಿದ್ದೇನೆ. ಮಗಳು ಡಿಗ್ರಿ ಎರಡನೇ ವರ್ಷ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಅವಳ ಬೆರಳಿನ ರಕ್ತದ ಹನಿಯನ್ನು ನೀಲಿ ನೀರಿಗೆ ಬಿಟ್ಟು ನೋಡಿದರಂತೆ. ಹನಿ ಮುಳುಗಲಿಲ್ಲ, ನಿನ್ನ ರಕ್ತ ಆಗುವುದಿಲ್ಲ ಎಂದು ವಾಪಸು ಕಳಿಸಿದರು. ಲ್ಯಾಬಿನಲ್ಲಿ ನೋಡಿದರೆ ಹಿಮೋಗ್ಲೋಬಿನ್ 9. ದಿನಕ್ಕೊಂದು ಕಬ್ಬಿಣದ ಮಾತ್ರೆ ಕೊಟ್ಟರು, ಒಂದು ತಿಂಗಳಿಗೆ 10.8 ಆಯಿತು. ಇನ್ನೂ ನಾಲ್ಕು ತಿಂಗಳು ತಿನ್ನಬೇಕು ಎನ್ನುತ್ತಾರೆ. ಅಷ್ಟು ದಿನ ಯಾಕೆ? ನನಗೆ ಇದಕ್ಕಿಂತ ದೊಡ್ಡ ಸಂಶಯ ಇನ್ನೊಂದು. ನಮ್ಮ ಉಪ್ಪುಗಾಳಿಗೆ ಪೈಂಟ್ ಇಲ್ಲದ ಕಬ್ಬಿಣ ಒಂದು ಮಳೆಗಾಲ ತಡೆಯುವುದಿಲ್ಲ. ರಕ್ತವೂ ಉಪ್ಪುನೀರೇ, ಅದರಲ್ಲಿ ಹಗಲೂ ರಾತ್ರಿ ಆಕ್ಸಿಜನ್ ಓಡಾಡುತ್ತದೆ. ಆ ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುವುದಿಲ್ಲ? ಮನೆಯಲ್ಲಿ ಬೀಟ್‌ರೂಟ್ ಜ್ಯೂಸ್ ಕುಡಿಸಿದರೆ ಸಾಕು ಎನ್ನುತ್ತಾರೆ, ಅದು ಸರಿಯೇ? ಹಳೆಯ ಡಬ್ಬಿಯಲ್ಲಿದ್ದ ಕೆಲವು ಮಾತ್ರೆಗಳು ಒಡೆದು ಕಂದು ಬಣ್ಣಕ್ಕೆ ತಿರುಗಿವೆ, ಅವನ್ನು ಕೊಡಬಹುದೇ?

ಉತ್ತರ: ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ, ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಇಷ್ಟು ವರ್ಷದ ಪಾಠದಲ್ಲಿ ವಿದ್ಯಾರ್ಥಿಗಳು ನನಗೆ ಹಿಮೋಗ್ಲೋಬಿನ್ ಬಗ್ಗೆ ನೂರಾರು ಪ್ರಶ್ನೆ ಕೇಳಿದ್ದಾರೆ. ನಿಮ್ಮ ತುಕ್ಕಿನ ಪ್ರಶ್ನೆಯಷ್ಟು ನೇರವಾಗಿ ವಿಷಯದ ಹೊಟ್ಟೆಗೇ ಕೈಹಾಕಿದ್ದು ಕಡಿಮೆ. ಹಾಗಾಗಿ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಮಾತ್ರೆಯ ಲೆಕ್ಕ ಆಮೇಲೆ. ಎರಡಕ್ಕೂ ಸಂಬಂಧ ಉಂಟು.

ತುಕ್ಕು ಹಿಡಿಯುವಾಗ ನಡೆಯುವುದೇನು? ಬೋಟಿನ ತಗಡಿನಲ್ಲಿರುವುದು ಲೋಹರೂಪದ ಕಬ್ಬಿಣ. ನೀರು ಮತ್ತು ಆಮ್ಲಜನಕ ಸಿಕ್ಕಿದಾಗ ಅದರ ಪರಮಾಣು ಮೊದಲು ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಇದು ಫೆರಸ್ ಸ್ಥಿತಿ. ಆಮೇಲೆ ಮೂರನೆಯದನ್ನೂ ಕಳೆದುಕೊಂಡರೆ ಫೆರಿಕ್. ಫೆರಿಕ್ ಕಬ್ಬಿಣ ನೀರಿನೊಂದಿಗೆ ಸೇರಿ ಕಂದು ಪುಡಿಯಾಗಿ ಉದುರುವುದನ್ನೇ ನೀವು ವೈರ್ ಬ್ರಶ್ಶಿನಲ್ಲಿ ಉಜ್ಜಿ ತೆಗೆಯುತ್ತೀರಿ. ಉಪ್ಪು ಸ್ವತಃ ತುಕ್ಕಲ್ಲ, ಆದರೆ ಉಪ್ಪುನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಕೆಲಸ ಬೇಗ ಆಗುತ್ತದೆ.

ರಕ್ತದ ಕಬ್ಬಿಣ ಲೋಹವಲ್ಲ. ಅದು ಈಗಾಗಲೇ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಫೆರಸ್ ಆಗಿಯೇ ಇರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೇಳಬೇಕು: ಆ ಮೂರನೆಯ ಎಲೆಕ್ಟ್ರಾನನ್ನು ಆಮ್ಲಜನಕ ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳುವವರು ಯಾರು? ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡುವುದು ಸುಲಭ. ತಿಳಿಹಸಿರು ಬಣ್ಣದ ಫೆರಸ್ ಸಲ್ಫೇಟ್ ಹರಳನ್ನು ಬಾವಿನೀರಿನಲ್ಲಿ ಕರಗಿಸಿ ಕಿಟಕಿಯ ಬಳಿ ಇಟ್ಟರೆ ಒಂದೆರಡು ದಿನದಲ್ಲಿ ನೀರು ಹಳದಿಗೆ ತಿರುಗಿ, ತಳದಲ್ಲಿ ಕಂದು ಗಸಿ ಕೂರುತ್ತದೆ.

ನಮ್ಮ ಲ್ಯಾಬಿನಲ್ಲಿ ಮೊದಲ ವರ್ಷದವರಿಗೆ ಮಾಡಿಸುವ ಒಂದು ಪ್ರಯೋಗವನ್ನು ಹೇಳುತ್ತೇನೆ. ಒಂದು ಟೆಸ್ಟ್‌ಟ್ಯೂಬ್ ನೀರಿಗೆ ಎರಡು ಹನಿ ರಕ್ತ ಬಿಡಬೇಕು. ಕೆಂಪುಕಣಗಳು ನೀರು ಕುಡಿದು ಒಡೆದು ದ್ರಾವಣ ತಿಳಿಯಾದ ಕೆಂಪಾಗುತ್ತದೆ. ಅದನ್ನು ಬೆಳಕಿಗೆ ಹಿಡಿದು ಸಣ್ಣ ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡಿದರೆ ಕಾಮನಬಿಲ್ಲಿನ ಹಳದಿ-ಹಸಿರು ಭಾಗದಲ್ಲಿ ಪಕ್ಕಪಕ್ಕದಲ್ಲಿ ಎರಡು ಕಪ್ಪುಗೆರೆ ಕಾಣುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಗುರುತು ಅದು. ಚಿಟಿಕೆಯಷ್ಟು ಸೋಡಿಯಂ ಡೈಥಯೊನೈಟ್ ಪುಡಿ ಹಾಕಿದರೆ ಅದು ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ಕೆಂಪು ಹೋಗಿ ಜಂಬುನೇರಳೆಯ ಛಾಯೆ ಬರುತ್ತದೆ, ಎರಡು ಗೆರೆ ಮಾಯವಾಗಿ ಅಗಲವಾದ ಒಂದೇ ಪಟ್ಟಿ ನಿಲ್ಲುತ್ತದೆ. ಈಗ ಟ್ಯೂಬಿನ ಬಾಯಿಗೆ ಹೆಬ್ಬೆರಳಿಟ್ಟು ಗಾಳಿಯೊಂದಿಗೆ ಚೆನ್ನಾಗಿ ಕುಲುಕಿ. ಕೆಂಪು ಮರಳಿ ಬರುತ್ತದೆ, ಎರಡು ಗೆರೆಯೂ ಬರುತ್ತದೆ. ಹೊರುವುದು, ಇಳಿಸುವುದು, ಮತ್ತೆ ಹೊರುವುದು: ಕಣ್ಣೆದುರೇ.

ಇನ್ನೊಂದು ಟ್ಯೂಬಿಗೆ ಪೊಟ್ಯಾಸಿಯಂ ಫೆರಿಸಯನೈಡ್ ಎರಡು ಹನಿ ಹಾಕುತ್ತೇವೆ. ಅದು ಮೂರನೆಯ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ದ್ರಾವಣ ಚಹಾದ ಬಣ್ಣಕ್ಕೆ ಇಳಿಯುತ್ತದೆ. ಈಗ ಎಷ್ಟು ಕುಲುಕಿದರೂ ಕೆಂಪಾಗುವುದಿಲ್ಲ. ಸುತ್ತ ಆಮ್ಲಜನಕ ಬೇಕಾದಷ್ಟಿದೆ, ಹಿಡಿಯುವ ಶಕ್ತಿ ಹೋಗಿದೆ. ಇದರ ಹೆಸರು ಮೆಥಿಮೋಗ್ಲೋಬಿನ್. ನೀವು ಹೇಳುವ ಅರ್ಥದಲ್ಲಿ ತುಕ್ಕು ಹಿಡಿದ ರಕ್ತ ಎಂದರೆ ಇದು. ಆಮ್ಲಜನಕವನ್ನು ಹೊರುವುದು ಬೇರೆ, ಆಮ್ಲಜನಕಕ್ಕೆ ಎಲೆಕ್ಟ್ರಾನ್ ಒಪ್ಪಿಸಿಬಿಡುವುದು ಬೇರೆ. ಈ ಎರಡು ಟ್ಯೂಬನ್ನು ಪಕ್ಕಪಕ್ಕ ಹಿಡಿದು ನೋಡಿದವರಿಗೆ ಆ ವ್ಯತ್ಯಾಸ ಮರೆಯುವುದಿಲ್ಲ.

ಮಲ್ಪೆಯವರು ಈ ಬಣ್ಣ ಬದಲಾವಣೆಯನ್ನು ದಿನಾ ನೋಡುತ್ತೀರಿ. ಬಂಗುಡೆ ಕೊಳ್ಳುವಾಗ ಮಾರುವ ಅಕ್ಕ ಕಿವಿರಿನ ಮುಚ್ಚಳ ಎತ್ತಿ ‘ತೂಲೆ, ಫ್ರೆಶ್ ಉಂಡು’ ಎಂದು ತೋರಿಸುವುದಿಲ್ಲವೇ? ಕಿವಿರು ಕಡುಕೆಂಪಾಗಿದ್ದರೆ ಅಲ್ಲಿನ ಹಿಮೋಗ್ಲೋಬಿನ್ ಇನ್ನೂ ಫೆರಸ್. ಹೊತ್ತು ಹೋದ ಹಾಗೆ ಅದು ಕಂದಾಗುವುದು ಕಬ್ಬಿಣ ಫೆರಿಕ್ ಆಗುತ್ತಾ ಹೋದದ್ದರಿಂದ. ಸತ್ತ ಮೀನಿನಲ್ಲಿ ಅದನ್ನು ಸರಿಪಡಿಸುವವರು ಯಾರೂ ಇಲ್ಲ.

ಬದುಕಿರುವ ದೇಹದಲ್ಲಿ ಇದ್ದಾರೆ. ಆದರೆ ಅದಕ್ಕೂ ಮೊದಲು ಕಬ್ಬಿಣ ಕೂತಿರುವ ಜಾಗವನ್ನು ನೋಡಬೇಕು, ಅರ್ಧ ಉತ್ತರ ಅಲ್ಲೇ ಉಂಟು.

ಹಿಮೋಗ್ಲೋಬಿನ್ ಅಂದರೆ ಗ್ಲೋಬಿನ್ ಎಂಬ ಪ್ರೋಟೀನಿನ ನಾಲ್ಕು ಸರಪಳಿ, ಪ್ರತಿಯೊಂದರ ಒಳಗೆ ಒಂದು ಹೀಮ್. ಎರಡು ಆಲ್ಫಾ ಸರಪಳಿಗಳಲ್ಲಿ ತಲಾ 141 ಅಮೈನೊ ಆಮ್ಲ, ಎರಡು ಬೀಟಾ ಸರಪಳಿಗಳಲ್ಲಿ ತಲಾ 146, ಒಟ್ಟು 574. ಹೀಮ್ ಚಪ್ಪಟೆಯಾದ ಬಳೆಯಂಥ ಅಣು, ಅದರ ನಡುವೆ ನಾಲ್ಕು ಸಾರಜನಕಗಳು ಹಿಡಿದಿಟ್ಟ ಒಂದೇ ಒಂದು ಕಬ್ಬಿಣದ ಪರಮಾಣು. ಅಷ್ಟು ದೊಡ್ಡ ಅಣುವಿನಲ್ಲಿ ಕಬ್ಬಿಣ ತೂಕಕ್ಕೆ ನೂರರಲ್ಲಿ 0.34 ಪಾಲು ಮಾತ್ರ. (ಬಸಳೆ ಎಲೆಯ ಹಸಿರಿಗೂ ಇದೇ ಜಾತಿಯ ಬಳೆಯೇ ಕಾರಣ. ನಡುವೆ ಕಬ್ಬಿಣದ ಬದಲು ಮೆಗ್ನೀಷಿಯಂ ಕೂತರೆ ಪತ್ರಹರಿತ್ತಿನ ದಾರಿ ಹಿಡಿಯುತ್ತದೆ.)

ಈ ಹೀಮನ್ನು ಪ್ರೋಟೀನಿನಿಂದ ಹೊರತೆಗೆದು ಬರಿನೀರಿಗೆ ಬಿಟ್ಟರೆ ಕ್ಷಣಮಾತ್ರದಲ್ಲಿ ಫೆರಿಕ್ ಆಗುತ್ತದೆ. ಒಂದು ಹೀಮ್ ಹಿಡಿದ ಆಮ್ಲಜನಕಕ್ಕೆ ಆಚೆ ಬದಿಯಿಂದ ಇನ್ನೊಂದು ಹೀಮ್ ಬಂದು ಅಂಟಿಕೊಳ್ಳುತ್ತದೆ. ಎರಡರ ನಡುವೆ ಸಿಕ್ಕಿದ ಆಮ್ಲಜನಕ ಇಬ್ಬರಿಂದಲೂ ಎಲೆಕ್ಟ್ರಾನ್ ಎಳೆದುಕೊಂಡು ಒಡೆಯುತ್ತದೆ. ಗ್ಲೋಬಿನ್ ಮಾಡುವ ಮೊದಲ ಉಪಕಾರ ಇದನ್ನು ತಪ್ಪಿಸುವುದು. ಪ್ರತಿ ಹೀಮನ್ನೂ ಬೇರೆಬೇರೆ ಗೂಡಿನಲ್ಲಿ ಕೂರಿಸಿದೆ, ಒಂದಕ್ಕೊಂದು ಮುಖ ತಾಗುವ ಹಾಗೇ ಇಲ್ಲ. ಗೂಡಿನ ಗೋಡೆಯೆಲ್ಲ ಎಣ್ಣೆಯ ಸ್ವಭಾವದ ಅಮೈನೊ ಆಮ್ಲಗಳು, ನೀರು ಒಳಗೆ ಬರಲು ಕಷ್ಟ. ನೀವು ತಗಡಿಗೆ ರೆಡ್ ಆಕ್ಸೈಡ್ ಬಳಿದು ನೀರನ್ನು ದೂರವಿಡುತ್ತೀರಲ್ಲ, ಕೆಲಸ ಅದೇ. ಒಂದು ವ್ಯತ್ಯಾಸ ಉಂಟು: ನಿಮ್ಮ ಪೈಂಟ್ ಆಮ್ಲಜನಕವನ್ನೂ ತಡೆಯಬೇಕು, ಈ ಗೂಡು ಆಮ್ಲಜನಕವನ್ನು ಒಳಗೆ ಬಿಟ್ಟುಕೊಂಡೇ ತುಕ್ಕು ತಪ್ಪಿಸಬೇಕು.

ಗೂಡಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಎರಡು ಕಡೆ ಕಾವಲು ನಿಂತಿದೆ. ಒಂದು ಕೆಳಗಿನಿಂದ ಕಬ್ಬಿಣವನ್ನು ಹಿಡಿದಿದೆ. ಇನ್ನೊಂದು ಮೇಲೆ, ಆಮ್ಲಜನಕ ಬಂದು ಕೂರುವ ಬದಿಯಲ್ಲಿ, ಬಂದ ಅತಿಥಿಗೆ ಹೈಡ್ರೋಜನ್ ಬಂಧದ ಆಸರೆ ಕೊಡುತ್ತದೆ. ಆಮ್ಲಜನಕ ಕೂತಿರುವಷ್ಟು ಹೊತ್ತು ಕಬ್ಬಿಣದ ಎಲೆಕ್ಟ್ರಾನ್ ಬಹುಪಾಲು ಅದರ ಕಡೆಗೇ ವಾಲಿರುತ್ತದೆ. ಕೊಟ್ಟ ಸಾಲ ಎಂದು ಹೇಳಬಹುದು. ಆಮ್ಲಜನಕ ಎದ್ದು ಹೋಗುವಾಗ ಅದನ್ನು ಹಿಂದಿರುಗಿಸಿ ಹೋಗುತ್ತದೆ. ಈ ಎರಡು ಹಿಸ್ಟಿಡಿನ್‌ಗಳಲ್ಲಿ ಒಂದರ ಜಾಗದಲ್ಲಿ ಟೈರೋಸಿನ್ ಬಂದು ಕೂತರೆ ಸಾಕು, ಕಬ್ಬಿಣ ಫೆರಿಕ್ ಸ್ಥಿತಿಯಲ್ಲೇ ಕಟ್ಟುಬೀಳುತ್ತದೆ. ಜಪಾನಿನ ಇವಾತೆ ಪ್ರಾಂತ್ಯದ ಕೆಲವು ಕುಟುಂಬಗಳಲ್ಲಿ ತುಟಿ ಕಪ್ಪಾಗಿ ಕಾಣುವವರು ಇದ್ದದ್ದು ಇದೇ ಕಾರಣಕ್ಕೆ. 574ರಲ್ಲಿ ಒಂದು ಜಾತಿಯ ಸರಪಳಿಯ ಒಂದೇ ಜಾಗ ಬದಲಾದದ್ದಕ್ಕೆ ಅಷ್ಟು ಫಲ.

ಆದರೂ ಎಲ್ಲ ಸಾಲವೂ ಮರಳಿ ಬರುವುದಿಲ್ಲ. ಅಪರೂಪಕ್ಕೆ ಆಮ್ಲಜನಕ ಎಲೆಕ್ಟ್ರಾನನ್ನು ಎತ್ತಿಕೊಂಡೇ ಓಡಿಹೋಗುತ್ತದೆ. ಹೀಗೆ ದಿನಕ್ಕೆ ಸುಮಾರು ನೂರಕ್ಕೆ ಒಂದರಿಂದ ಮೂರು ಪಾಲು ಹಿಮೋಗ್ಲೋಬಿನ್ ಫೆರಿಕ್ ಆಗುತ್ತಲೇ ಇರುತ್ತದೆ. ಅಂದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದು: ರಕ್ತದ ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ. ಹಿಡಿದದ್ದನ್ನು ಕೆಂಪುಕಣ ಆಗಿಂದಾಗ ತೆಗೆಯುತ್ತದೆ. ಸೈಟೋಕ್ರೋಮ್ ಬಿ5 ರಿಡಕ್ಟೇಸ್ ಎಂಬ ಕಿಣ್ವ ಕಳೆದುಹೋದ ಎಲೆಕ್ಟ್ರಾನನ್ನು ಮರಳಿ ತುಂಬುತ್ತದೆ. ಹಾಗಾಗಿ ಆರೋಗ್ಯವಂತರ ರಕ್ತದಲ್ಲಿ ಮೆಥಿಮೋಗ್ಲೋಬಿನ್ ಯಾವ ಹೊತ್ತಿಗೆ ನೋಡಿದರೂ ಶೇಕಡಾ ಒಂದರ ಆಸುಪಾಸು ಮಾತ್ರ.

ಆ ಎಲೆಕ್ಟ್ರಾನ್ ಬರುವುದು ಸಕ್ಕರೆಯಿಂದ, ಗ್ಲೂಕೋಸಿನಿಂದ. ಕೆಂಪುಕಣದ ಸಂಸಾರ ನನಗೆ ಯಾವಾಗಲೂ ಬೆರಗು ಹುಟ್ಟಿಸುವುದು ಇಲ್ಲಿ. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಅವಕ್ಕೆ ಜಾಗ ಮಾಡಿಕೊಡಲು ಕಣ ತನ್ನ ನ್ಯೂಕ್ಲಿಯಸ್ಸನ್ನೇ ಹೊರಹಾಕಿದೆ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯವನ್ನೂ ಬಿಟ್ಟಿದೆ. ಹೊತ್ತು ತಿರುಗುವ ಆಮ್ಲಜನಕವನ್ನು ತನ್ನ ಶಕ್ತಿಗಾಗಿ ಒಂದಿಷ್ಟೂ ಬಳಸುವುದಿಲ್ಲ. ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆದಾಗ ಸಿಗುವ ಅಲ್ಪಸ್ವಲ್ಪದಲ್ಲೇ 120 ದಿನ ಬದುಕುತ್ತದೆ. ಒಡೆದ ಪ್ರೋಟೀನಿಗೆ ಬದಲು ಹೊಸದು ಮಾಡಿಕೊಳ್ಳಲೂ ಆಗದು. ಹಾಗಾಗಿ ಇದ್ದದ್ದನ್ನು ತಿಕ್ಕಿ ತಿಕ್ಕಿ ಇಟ್ಟುಕೊಳ್ಳುವುದೊಂದೇ ದಾರಿ.

ಎಲೆಕ್ಟ್ರಾನ್ ಎತ್ತಿಕೊಂಡು ಓಡಿದ ಆಮ್ಲಜನಕವೂ ಸುಮ್ಮನಿರುವುದಿಲ್ಲ. ಅದು ಸೂಪರ್‌ಆಕ್ಸೈಡ್, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಕಣದ ಪೊರೆಯನ್ನು ಕೊರೆಯುತ್ತದೆ. ಅದನ್ನು ತಣಿಸುವುದು ಗ್ಲುಟಾಥಯೋನ್ ಎಂಬ ಸಣ್ಣ ಅಣು, ಗ್ಲುಟಾಥಯೋನನ್ನು ಸದಾ ಸಜ್ಜಾಗಿಡುವುದು ಜಿ6ಪಿಡಿ ಎಂಬ ಕಿಣ್ವದ ದಾರಿ. ಈ ಹೆಸರು ನಮ್ಮ ಕರಾವಳಿಯವರಿಗೆ ಬರಿ ಪುಸ್ತಕದ ಮಾತಲ್ಲ. ಮಂಗಳೂರು ವರ್ಷಗಟ್ಟಲೆ ಮಲೇರಿಯಾ ಕಂಡ ಊರು. ವೈವಾಕ್ಸ್ ಮಲೇರಿಯಾ ಬಂದವರಿಗೆ ಪಿತ್ತಜನಕಾಂಗದಲ್ಲಿ ಅಡಗಿದ ಪರೋಪಜೀವಿಯನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಹುಟ್ಟಿನಿಂದಲೇ ಜಿ6ಪಿಡಿ ಕಡಿಮೆ ಇದ್ದವರು ಅದನ್ನು ತಿಂದರೆ ಕೆಂಪುಕಣಗಳು ಒಡೆದು ಮೂತ್ರ ಕೋಲಾದ ಬಣ್ಣಕ್ಕೆ ತಿರುಗಬಹುದು. ಹಾಗಾದರೆ ಮಾತ್ರೆ ನಿಲ್ಲಿಸಿ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಲೇರಿಯಾದ ಮಾತು ಬಂತೆಂದು ಇನ್ನೂ ಒಂದು ವಿಷಯ. ಆ ಪರೋಪಜೀವಿ ಕೆಂಪುಕಣದೊಳಗೆ ಕೂತು ಹಿಮೋಗ್ಲೋಬಿನ್ನನ್ನೇ ತಿನ್ನುತ್ತದೆ. ಪ್ರೋಟೀನ್ ಜೀರ್ಣವಾಗುತ್ತದೆ, ಉಳಿದ ಹೀಮ್ ಅದಕ್ಕೇ ವಿಷ. ಗೂಡಿಲ್ಲದ ಹೀಮ್ ಎಷ್ಟು ಅಪಾಯ ಎಂದು ಮೇಲೆ ಹೇಳಿದೆನಲ್ಲ. ಹಾಗಾಗಿ ಅದು ಹೀಮನ್ನು ಒಂದರ ಮೇಲೊಂದು ಪೇರಿಸಿ ಕಂದು ಹರಳು ಮಾಡಿ ಮೂಲೆಗಿಡುತ್ತದೆ. ಕ್ಲೋರೋಕ್ವಿನ್ ಕೆಲಸ ಮಾಡುವುದು ಈ ಹರಳುಗಟ್ಟುವಿಕೆಯನ್ನು ತಡೆದು. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾವನ್ನು ಗುರುತಿಸಿದ್ದು ಇದೇ ಕಂದು ಕಣಗಳ ಸುಳಿವಿನಿಂದ.

ಇಷ್ಟು ಹೊತ್ತು ಹಿಡಿಯುವುದರ ಬಗ್ಗೆ ಹೇಳಿದೆ. ಬಿಡುವುದೂ ಅಷ್ಟೇ ಮುಖ್ಯ. ಶ್ವಾಸಕೋಶದಲ್ಲಿ ಬಾಚಿಕೊಂಡ ಆಮ್ಲಜನಕವನ್ನು ಕೈಕಾಲಿನಲ್ಲಿ ಬಿಡದಿದ್ದರೆ ಪ್ರಯೋಜನವಿಲ್ಲ. ಮಂಗಳೂರು ಬಂದರಿನ ಹಳೆಯ ಅಂಗಡಿಗಳ ಹಲಗೆ ಬಾಗಿಲು ನೆನಪಿದೆಯೇ? ಚೌಕಟ್ಟಿನ ಸೀಳಿನಲ್ಲಿ ಸಾಲಾಗಿ ಕೂತ ಹಲಗೆಗಳಲ್ಲಿ ಮೊದಲನೆಯದನ್ನು ಎಬ್ಬಿಸುವುದೇ ಕಷ್ಟ, ಅದು ಬಂದರೆ ಉಳಿದವು ಸಲೀಸಾಗಿ ಜಾರಿಬರುತ್ತವೆ. ಹಿಮೋಗ್ಲೋಬಿನ್ನಿನ ನಾಲ್ಕು ಹೀಮ್ ಹಾಗೆಯೇ. ಮೊದಲ ಆಮ್ಲಜನಕ ಕೂರಲು ಕಷ್ಟ. ಅದು ಕೂತಾಗ ಕಬ್ಬಿಣ ಬಳೆಯ ಸಮಕ್ಕೆ ಒಂದು ಚೂರು ಸರಿಯುತ್ತದೆ, ಮಿಲಿಮೀಟರಿನ ಹತ್ತು ಕೋಟಿಯಲ್ಲಿ ನಾಲ್ಕೇ ಪಾಲು. ಅದರ ಜೊತೆ ಕೆಳಗಿನ ಹಿಸ್ಟಿಡಿನ್, ಅದಕ್ಕೆ ಕಟ್ಟಿಕೊಂಡ ಸುರುಳಿ, ಕೊನೆಗೆ ಅರ್ಧ ಅಣುವೇ ಉಳಿದರ್ಧದ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತದೆ, ಉಳಿದ ಗೂಡುಗಳು ತೆರೆದುಕೊಳ್ಳುತ್ತವೆ. ಬಿಡುವಾಗಲೂ ಹೀಗೆಯೇ, ತಿರುಗುಮುರುಗಾಗಿ. ವಿಜ್ಞಾನಿ ಮ್ಯಾಕ್ಸ್ ಪೆರುಟ್ಸ್ ಕೇಂಬ್ರಿಡ್ಜ್‌ನಲ್ಲಿ 1937ರಲ್ಲಿ ಶುರುಮಾಡಿದ ಕೆಲಸ 1959ರಲ್ಲಿ ಕೈಗೂಡಿ ಈ ಅಣುವಿನ ರೂಪ ಮೊದಲು ಕಂಡಿತು, 1962ರಲ್ಲಿ ನೊಬೆಲ್ ಬಂತು. ಒಂದು ಅಣುವಿನ ಹಿಂದೆ 22 ವರ್ಷ. ದುಡಿಯುವ ಸ್ನಾಯುವಿನಲ್ಲಿ ಆಮ್ಲ ಹೆಚ್ಚಾದರೆ ಹಿಮೋಗ್ಲೋಬಿನ್ ಇನ್ನೂ ಸುಲಭವಾಗಿ ಆಮ್ಲಜನಕ ಬಿಡುತ್ತದೆ. ಸುತ್ತಿಗೆ ಎತ್ತುವ ತೋಳಿಗೆ ಕೇಳದೆಯೇ ಹೆಚ್ಚು ಸಿಗುವುದು ಇದರಿಂದ.

ಈಗ ಮಗಳ ಮಾತ್ರೆ. ನೀವು ಲೆಕ್ಕ ಬಲ್ಲವರು, ಲೆಕ್ಕವನ್ನೇ ಇಡುತ್ತೇನೆ.

ಶಿಬಿರದ ನೀಲಿ ನೀರು ಕಾಪರ್ ಸಲ್ಫೇಟ್, ಅಂದರೆ ಮೈಲುತುತ್ತಿನ ದ್ರಾವಣ. ಅಡಿಕೆಗೆ ಬೋರ್ಡೋ ಮಾಡುವಾಗ ಸುಣ್ಣದೊಂದಿಗೆ ಬೆರೆಸುವುದೂ ಅದನ್ನೇ. ಅದರ ಸಾಂದ್ರತೆಯನ್ನು 1.053ಕ್ಕೆ ಹೊಂದಿಸಿರುತ್ತಾರೆ. 12.5 ಗ್ರಾಂ ಅಥವಾ ಹೆಚ್ಚು ಹಿಮೋಗ್ಲೋಬಿನ್ ಇದ್ದ ರಕ್ತದ ಹನಿ ಭಾರಕ್ಕೆ ಮುಳುಗುತ್ತದೆ, ಕಡಿಮೆಯಾದರೆ ತೇಲುತ್ತದೆ. 12.5 ಇಲ್ಲದವರಿಂದ ರಕ್ತ ತೆಗೆಯಬಾರದು, ಹಾಗಾಗಿ ಅವರು ವಾಪಸು ಕಳಿಸಿದ್ದು ಸರಿ. ಆ ಹನಿ ನಿಮ್ಮ ಮಗಳಿಗೆ ಉಪಕಾರವನ್ನೇ ಮಾಡಿತು.

ಅವಳ ತೂಕ 45 ಕಿಲೋ ಎಂದಿಟ್ಟುಕೊಳ್ಳಿ, ರಕ್ತ ಸುಮಾರು 3 ಲೀಟರ್. ಹಿಮೋಗ್ಲೋಬಿನ್ 9 ಎಂದರೆ 100 ಮಿಲಿ ರಕ್ತದಲ್ಲಿ 9 ಗ್ರಾಂ. ಅದನ್ನು ಒಂದು ಗ್ರಾಂ ಏರಿಸಲು ಇಡೀ ದೇಹಕ್ಕೆ 30 ಗ್ರಾಂ ಹಿಮೋಗ್ಲೋಬಿನ್ ಬೇಕು. ಒಂದು ಗ್ರಾಂ ಹಿಮೋಗ್ಲೋಬಿನ್ನಿಗೆ 3.4 ಮಿಲಿಗ್ರಾಂ ಕಬ್ಬಿಣ, ಹಾಗಾದರೆ ಸುಮಾರು 100 ಮಿಲಿಗ್ರಾಂ. 9ರಿಂದ 12.5ಕ್ಕೆ ಬರಲು 350. ಇದಲ್ಲದೆ ದಾಸ್ತಾನಿಗೆಂದು ಡಾಕ್ಟರುಗಳು 500 ಮಿಲಿಗ್ರಾಂ ಲೆಕ್ಕ ಹಾಕುತ್ತಾರೆ. ಒಟ್ಟು 850. ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದ್ದು, ಕರುಳು ಅದರಲ್ಲಿ ಹತ್ತನೇ ಒಂದು ಪಾಲು ಹೀರಿಕೊಂಡಿತು ಎಂದರೆ ದಿನಕ್ಕೆ 6. ಮೂವತ್ತು ದಿನಕ್ಕೆ 180, ಅಂದರೆ ಹಿಮೋಗ್ಲೋಬಿನ್ 1.8 ಏರಬೇಕು. ಅವಳದು 9ರಿಂದ 10.8ಕ್ಕೆ ಬಂದಿದೆ. ಇನ್ನೊಂದು ತಿಂಗಳಲ್ಲಿ ರಿಪೋರ್ಟು ಚೆನ್ನಾಗಿ ಕಾಣುತ್ತದೆ. ಅಲ್ಲೇ ನಿಲ್ಲಿಸಿದರೆ ಉಗ್ರಾಣ ಖಾಲಿ, ಒಂದೆರಡು ಮುಟ್ಟು ಕಳೆಯುವುದರೊಳಗೆ ಮತ್ತೆ ಇಳಿಯತೊಡಗುತ್ತದೆ. 850ನ್ನು 6ರಿಂದ ಭಾಗಿಸಿ ನೋಡಿ, ನೂರಾ ನಲವತ್ತೆರಡು ದಿನ. ನಿಮ್ಮ ಡಾಕ್ಟರರು ಹೇಳಿದ್ದು ಅದನ್ನೇ. ಬೇಗ ಮುಗಿಯಲಿ ಎಂದು ದಿನಕ್ಕೆ ಎರಡು ಕೊಡಬೇಡಿ. ಕಬ್ಬಿಣ ಒಳಹೋದ ಸುದ್ದಿ ತಿಳಿದ ಕೂಡಲೇ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಕರುಳಿನ ಬಾಗಿಲನ್ನು ಅರ್ಧ ಎಳೆಯುತ್ತದೆ, ಎರಡನೆಯ ಮಾತ್ರೆಯ ಬಹುಪಾಲು ಹೊಟ್ಟೆನೋವು, ಮಲಬದ್ಧತೆಗೇ ಆಗುತ್ತದೆ. ಮಲ ಕಪ್ಪಾದರೆ ಹೆದರಬೇಡಿ, ಹೀರಿಕೊಳ್ಳದೆ ಉಳಿದ ಕಬ್ಬಿಣ ಅದು.

ಆ ಉಗ್ರಾಣದಲ್ಲಿ ಕಬ್ಬಿಣ ಯಾವ ರೂಪದಲ್ಲಿ ಕೂತಿರುತ್ತದೆ ಗೊತ್ತೇ? ಫೆರಿಟಿನ್ ಎಂಬ ಪ್ರೋಟೀನ್ ಇದೆ, 24 ತುಂಡು ಜೋಡಿಸಿದ ಟೊಳ್ಳು ಉಂಡೆ. ಅದರ ಹೊಟ್ಟೆಯಲ್ಲಿ ನಾಲ್ಕೂವರೆ ಸಾವಿರದವರೆಗೆ ಕಬ್ಬಿಣದ ಪರಮಾಣು ತುಂಬಬಹುದು, ಫೆರಿಕ್ ಆಕ್ಸೈಡ್ ಮತ್ತು ನೀರು ಸೇರಿದ ಖನಿಜವಾಗಿ. ಅಂದರೆ ಸಾಕ್ಷಾತ್ ತುಕ್ಕು! ರಕ್ತದಲ್ಲಿ ಕೂಡದ ತುಕ್ಕನ್ನು ದೇಹ ಡಬ್ಬಿಯೊಳಗೆ ಜೋಪಾನವಾಗಿ ತುಂಬಿಟ್ಟುಕೊಂಡಿದೆ, ಬೇಕಾದಾಗ ಎಲೆಕ್ಟ್ರಾನ್ ಕೊಟ್ಟು ಫೆರಸ್ ಮಾಡಿ ಹೊರತೆಗೆಯುತ್ತದೆ. ಮಾತ್ರೆಯ ಕೋರ್ಸು ಮುಗಿದ ಮೇಲೆ ಸೀರಮ್ ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಡಬ್ಬಿ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ಆದರೆ ಜ್ವರ, ಕೆಮ್ಮು ಇರುವಾಗ ಮಾಡಿಸಬೇಡಿ, ಆಗ ಫೆರಿಟಿನ್ ಸುಳ್ಳಾಗಿ ಹೆಚ್ಚು ತೋರಿಸುತ್ತದೆ.

ಹಿಮೋಗ್ಲೋಬಿನ್ ಇಳಿದದ್ದು ಯಾಕೆ ಎಂಬುದನ್ನೂ ಡಾಕ್ಟರಲ್ಲಿ ಕೇಳಬೇಕು. ಒಂದು ಮುಟ್ಟಿನಲ್ಲಿ 80 ಮಿಲಿಗಿಂತ ಹೆಚ್ಚು ರಕ್ತ ಹೋಗುತ್ತಿದ್ದರೆ ಅದು ಅಧಿಕ. ನಮ್ಮ ಹೆಣ್ಣುಮಕ್ಕಳು ಇದನ್ನು ಅಪ್ಪನ ಹತ್ತಿರ ಹೇಳುವುದಿಲ್ಲ, ಅಮ್ಮನ ಮೂಲಕವಾದರೂ ವಿಚಾರಿಸಿ. ಮಾತ್ರೆ ಸರಿಯಾಗಿ ತಿಂದೂ ಏರದವರಿಗೆ ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷ) ವಾಹಕರೇ ಎಂದು ನೋಡಲು ಬೇರೆ ಪರೀಕ್ಷೆ ಇದೆ. ನಿಮ್ಮ ಮಗಳದು ಏರಿದೆ, ಸದ್ಯ ಆ ಚಿಂತೆ ಬೇಡ. ಇದು ಅವಳೊಬ್ಬಳ ಕಥೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. ಸುಸ್ತು ಎಂದು ಹೇಳುವ ಹುಡುಗಿಯನ್ನು ಸೋಮಾರಿ ಎನ್ನುವ ಮನೆಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬೀಟ್‌ರೂಟಿನ ಕೆಂಪು ಬೀಟಾನಿನ್ ಎಂಬ ಬಣ್ಣದ್ದು, ಅದರಲ್ಲಿ ಕಬ್ಬಿಣದ ಪರಮಾಣುವೇ ಇಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಸಿಗುವುದಿಲ್ಲ. ಕೆಂಪಿದ್ದದ್ದೆಲ್ಲ ರಕ್ತವಾಗುವುದಾದರೆ ಪುನರ್ಪುಳಿ ಶರಬತ್ತು ಕುಡಿಯುವ ನಮ್ಮ ಊರಿನಲ್ಲಿ ಯಾರಿಗೂ ರಕ್ತಹೀನತೆ ಇರಬಾರದಿತ್ತು. ಜ್ಯೂಸ್ ರುಚಿಗೆ ಕುಡಿಯಲಿ, ಮಾತ್ರೆಯ ಬದಲಿಗೆ ಅಲ್ಲ. ಮೀನು ತಿನ್ನುವ ಮನೆಯಾದರೆ ಮರುವಾಯಿ (ಚಿಪ್ಪುಮೀನು) ಒಳ್ಳೆಯದು, ಬಂಗುಡೆಯ ಬದಿಯಲ್ಲಿರುವ ಕಪ್ಪುಮಾಂಸವನ್ನು ಬಿಸಾಡಬೇಡಿ. ಆ ಬಣ್ಣ ಸ್ನಾಯುವಿನ ಪ್ರೋಟೀನಾದ ಮಯೋಗ್ಲೋಬಿನ್ನಿನದು, ಅದರಲ್ಲಿರುವುದೂ ಹೀಮೇ. ಹೀಮ್ ರೂಪದ ಕಬ್ಬಿಣವನ್ನು ಕರುಳು ಇಡಿಯಾಗಿ ಎತ್ತಿಕೊಳ್ಳುತ್ತದೆ, ಸೊಪ್ಪು-ಕಾಳಿನದಕ್ಕಿಂತ ಹೆಚ್ಚು ದಕ್ಕುತ್ತದೆ. ಹರಿವೆ, ನುಗ್ಗೆಸೊಪ್ಪು ತಿನ್ನುವಾಗ ಜೊತೆಗೆ ಲಿಂಬೆರಸ ಇರಲಿ, ವಿಟಮಿನ್ ಸಿ ಫೆರಿಕ್ಕನ್ನು ಫೆರಸ್ ಮಾಡುತ್ತದೆ. ಊಟದ ಹಿಂದೆಯೇ ಚಹಾ ಬೇಡ. ಕಬ್ಬಿಣದ ಕಾವಲಿ, ಬಾಣಲೆಯಲ್ಲಿ ಹುಳಿ ಹಾಕಿ ಬೇಯಿಸಿದರೆ ಒಂದಿಷ್ಟು ಕಬ್ಬಿಣ ಪದಾರ್ಥಕ್ಕೆ ಇಳಿಯುವುದೂ ನಿಜ.

ನೀವು ಕೇಳದ ಒಂದು ಮಾತು, ನಿಮ್ಮ ಕೆಲಸಕ್ಕಾಗಿ. ಬೋಟಿನ ಎಂಜಿನ್ ಕೋಣೆಯಲ್ಲಿ ಎಕ್ಸಾಸ್ಟ್ ಸೋರಿದರೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ಹೀಮಿನ ಕಬ್ಬಿಣಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಅದನ್ನೂ ಆಮ್ಲಜನಕವೆಂದೇ ಎಣಿಸಿ 98 ತೋರಿಸಬಹುದು. ತಲೆನೋವು, ವಾಕರಿಕೆ ಶುರುವಾದರೆ ಮೀಟರ್ ನಂಬಿ ಕೂರದೆ ಮೇಲೆ ಡೆಕ್ಕಿಗೆ ಬನ್ನಿ. ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದು ಬಚ್ಚಲಿನ ಕಿಟಕಿ ಮುಚ್ಚಿಟ್ಟಿದ್ದರೆ ಅಲ್ಲೂ ಇದೇ ಅಪಾಯ.

ಇನ್ನು ಕಂದಾದ ಮಾತ್ರೆಗಳು. ಮಾತ್ರೆಯೊಳಗಿನದು ಫೆರಸ್ ಕಬ್ಬಿಣ, ಕರುಳಿನ ಬಾಗಿಲು ಹಾದುಹೋಗುವುದು ಆ ರೂಪದಲ್ಲಿ. ಹೊರಗಿನ ಲೇಪ ಇರುವುದೇ ಗಾಳಿ, ತೇವ ತಾಗದಿರಲಿ ಎಂದು. ಲೇಪ ಒಡೆದು ಒಳಗೆ ಕಂದಾಗಿದೆ ಎಂದರೆ ಅಲ್ಲಿ ನಡೆದದ್ದು ನಿಮ್ಮ ತಗಡಿನಲ್ಲಿ ನಡೆಯುವುದೇ. ಅವನ್ನು ಕೊಡಬೇಡಿ. ಮಳೆಗಾಲದಲ್ಲಿ ಮಾತ್ರೆಗಳನ್ನು ಡಬ್ಬಿಗೆ ಸುರಿದಿಡದೆ ಸ್ಟ್ರಿಪ್ಪಿನಲ್ಲೇ ಇರಲಿ, ದಿನಕ್ಕೊಂದು ತೆಗೆಯಿರಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೈಗೆಟುಕದಷ್ಟು ಎತ್ತರದಲ್ಲಿಡಿ. ಮಿಠಾಯಿ ಎಂದು ಐದಾರು ನುಂಗಿದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ.